ಪರಿಹಾರ ಮತ್ತು ರಾಜಿ

ಗೋವಾದ ವಾಸ್ಕೋದಲ್ಲಿ ಬೈನಾ, ಮಾಂಗೋರ್ ಹಿಲ್, ಝುವಾರಿನಗರದ ಕನ್ನಡ ಓಣಿಗಳಲ್ಲಿ ‘ಪರಿಹಾರ’ ಅಂದರೆ ಮಳೆಗೆ ಬಿದ್ದ ಮನೆಗೆ ಊರಲ್ಲಿ ಸರ್ಕಾರ ಕೊಡುವ ದುಡ್ಡು. ಹೆಣ್ಣುಮಗಳ ಮೇಲೆ ಅತ್ಯಾಚಾರವಾದಾಗ ಕೇಳಿಬರುವ ಶಬ್ದ ಬೇರೆ: ರಾಜಿ. ರಾಜಿ ಎಲ್ಲ ಊರಲ್ಲೂ ಇದೆ. ಹೊಟ್ಟೆಪಾಡಿಗೆ ಬಂದು ನೆಲೆಸಿದ ಊರಲ್ಲಿ, ಸ್ಥಳೀಯರ ಬಾಯಲ್ಲಿ ‘ಘಾಟಿ’, ಅಂದರೆ ಘಟ್ಟದಾಚೆಯವರು, ಎಂಬ ಹೀಗಳಿಕೆ ಕೇಳಿಕೊಂಡು ಬದುಕುವವರಲ್ಲಿ, ಅದರ ಹಿಡಿತ ಇನ್ನಷ್ಟು ಬಿಗಿ. ನಾಲ್ಕು ಹಿರಿಯರು ಕೂತು ಒಂದು ಮೊತ್ತ ಹೇಳುತ್ತಾರೆ. ಅದು ಅಪ್ಪನ ಕೈಗೋ ಗಂಡನ ಕೈಗೋ ಹೋಗುತ್ತದೆ. ‘ಇನ್ನ ಮಾತು ಬ್ಯಾಡ’ ಎಂದು ಎದ್ದುಬಿಡುತ್ತಾರೆ. ಅತ್ಯಾಚಾರದ ಪ್ರಕರಣವನ್ನು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಆದರೂ ರಾಜಿ ಉಳಿದಿದೆ. ಅದು ಬೇಗ ಮುಗಿಯುತ್ತದೆ, ಕನ್ನಡದಲ್ಲಿ ಮುಗಿಯುತ್ತದೆ.

ಸಂತ್ರಸ್ತೆಗೆ ದುಡ್ಡು ಕೊಡುವ ಸರ್ಕಾರಿ ಯೋಜನೆಗಳನ್ನು ನಾನು ಈ ರಾಜಿಯ ಪಕ್ಕದಲ್ಲಿಟ್ಟು ತೂಗುತ್ತೇನೆ. ಅವು ಸೋಲಿಸಬೇಕಾದದ್ದು ಇದನ್ನೇ.

ಕ್ರಿಮಿನಲ್ ಮೊಕದ್ದಮೆ ಸರ್ಕಾರಕ್ಕೂ ಆರೋಪಿಗೂ ನಡುವಿನದು. ಆಕೆ ಅಲ್ಲಿ ಬರೀ ಸಾಕ್ಷಿ. ದಿವಾಣಿ ದಾವೆ ಹೂಡಿದರೆ ಆಕೆಯೇ ವಾದಿ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಭಾರವೂ ಇಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂಬುದಷ್ಟೇ ಲೆಕ್ಕ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಯಾವ ಹೆಣ್ಣಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಇಷ್ಟಿದ್ದರೂ ನಮ್ಮಲ್ಲಿ ಇಂಥ ದಾವೆ ಅಪರೂಪ. ಡಿಕ್ರಿ ಆದರೂ ಅಮಲ್ಜಾರಿಗೆ ಹೋದಾಗ, ದಿನಗೂಲಿಯ ಅಪರಾಧಿಯ ಹತ್ತಿರ ಜಪ್ತಿ ಮಾಡಲು ಏನಿರುತ್ತದೆ?

ಹಾಗಾಗಿ ದುಡ್ಡು ಸರ್ಕಾರದಿಂದಲೇ ಬರಬೇಕು. ಈ ತತ್ವಕ್ಕೆ ಗಟ್ಟಿ ನೆಲೆ ಕೊಟ್ಟ ತೀರ್ಪು 2000ದ ಚಂದ್ರಿಮಾ ದಾಸ್ ಪ್ರಕರಣದ್ದು. ಹೌರಾ ನಿಲ್ದಾಣದ ರೈಲ್ವೆ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬಳ ಮೇಲೆ ಅತ್ಯಾಚಾರವಾಗಿತ್ತು. ಆಕೆಗೆ ರೈಲ್ವೆ 10 ಲಕ್ಷ ರೂಪಾಯಿ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಕೆ ಈ ದೇಶದವಳೇ ಅಲ್ಲ ಎಂಬ ತಕರಾರು ನಡೆಯಲಿಲ್ಲ. ಹುಬ್ಬಳ್ಳಿ ಕಡೆಯ ರೈಲು ಬಂದು ಕೊನೆಗೊಳ್ಳುವ ವಾಸ್ಕೋದಲ್ಲಿ ಕೂತು ಓದಿದಾಗ ಆ ತೀರ್ಪು ನನಗೆ ಹೆಚ್ಚು ಹತ್ತಿರ ಬಂತು.

ಈಗ ಬಳಕೆಯಲ್ಲಿರುವುದು ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, 2018ರಲ್ಲಿ ರೂಪಿಸಿದ ಯೋಜನೆ. ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ. ಅಪರಾಧಿ ಯಾರೆಂದು ಗೊತ್ತಾಗದಿದ್ದರೂ ಅರ್ಜಿ ಹಾಕಬಹುದು. ಇದರ ಅತ್ಯುತ್ತಮ ಸಾಲು ಮಾತ್ರ ಮೊತ್ತದ ಪಟ್ಟಿಯಲ್ಲಿಲ್ಲ. ಎಫ್‌ಐಆರ್ ದಾಖಲಾದ ಕೂಡಲೇ ಅದರ ಪ್ರತಿಯನ್ನು ಪೊಲೀಸರೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ತಾನಾಗಿಯೇ ಮುಂದಾಗಿ ಮಧ್ಯಂತರ ಪರಿಹಾರದ ವಿಚಾರಣೆ ಶುರು ಮಾಡಬಹುದು ಎನ್ನುತ್ತದೆ ಅದು. ಬರೆದವರಿಗೆ ರಾಜಿಯ ವೇಗ ಗೊತ್ತಿದ್ದಿರಬೇಕು. ಈ ಸಾಲು ನಿಜವಾಗಿ ನಡೆದರೆ, ಹಿರಿಯರು ಕೂರುವ ಮೊದಲೇ ಆಕೆಯ ಖಾತೆಗೆ ಒಂದಷ್ಟು ಬಿದ್ದಿರುತ್ತದೆ.

ಅದೇ ಯೋಜನೆ ಮುಂದೆ ಹೋಗಿ ಕೈ ಬಿಗಿಹಿಡಿಯುತ್ತದೆ. ಸಿಕ್ಕ ಮೊತ್ತದಲ್ಲಿ ಶೇ 75 ಕನಿಷ್ಠ ಮೂರು ವರ್ಷ ಠೇವಣಿಯಲ್ಲಿರಬೇಕು; ಕೈಗೆ ಬರುವುದು ಶೇ 25. ನಾಲ್ಕು ಲಕ್ಷಕ್ಕೆ ಒಂದು ಲಕ್ಷ. ಗಂಡನೋ ಅಣ್ಣನೋ ಕಿತ್ತುಕೊಳ್ಳದಿರಲಿ ಎಂಬ ಕಾಳಜಿ ಇದರ ಹಿಂದಿದೆ. ಹಿಂದೆ ನಾನೂ ಇದನ್ನು ಮೆಚ್ಚಿದ್ದೆ. ಮಕ್ಕಳ ವಿಷಯದಲ್ಲಿ ಈಗಲೂ ಸರಿ ಎನ್ನುತ್ತೇನೆ. ಆದರೆ ಓಣಿ ಬಿಟ್ಟು ಬೇರೆ ಕಡೆ ಬಾಡಿಗೆ ಮನೆ ಹಿಡಿಯಬೇಕಾದ, ಕೆಲಸ ಕಳೆದುಕೊಂಡ ವಯಸ್ಕ ಹೆಂಗಸಿಗೆ ಖರ್ಚು ಬರುವುದು ಮೊದಲ ಆರು ತಿಂಗಳಲ್ಲೇ. ರಾಜಿಯ ದುಡ್ಡಿಗೆ ಇಂಥ ಬೀಗ ಇರುವುದಿಲ್ಲ.

ಇನ್ನು ಭಾಷೆ. ಗೋವಾದ ರಾಜಭಾಷೆ ಕೊಂಕಣಿ, ಕೋರ್ಟಿನ ಕಾಗದ ಇಂಗ್ಲಿಷ್. ಬಾಗಲಕೋಟೆಯ ಹೆಣ್ಣುಮಗಳು ತನ್ನ ಅರ್ಜಿಯಲ್ಲಿ ಏನು ಬರೆದಿದೆ ಎಂದು ಇನ್ನೊಬ್ಬರಿಂದ ಕೇಳಿ ತಿಳಿಯಬೇಕು. ಆ ಇನ್ನೊಬ್ಬರು ಹೆಚ್ಚಾಗಿ ರಾಜಿಗೆ ಕೂತವರಲ್ಲೇ ಒಬ್ಬರಾಗಿರುತ್ತಾರೆ.

ದೌರ್ಜನ್ಯ ಮಾಡಿದವನು ಜೊತೆಯಲ್ಲಿ ಬಾಳುವ ಗಂಡನೇ ಆದರೆ ಲೆಕ್ಕವೇ ಬೇರೆ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಅದನ್ನು ಅತ್ಯಾಚಾರವೆಂದು ದಂಡ ಕಾನೂನು ಕರೆಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮಾತ್ರ ಲೈಂಗಿಕ ಹಿಂಸೆಯನ್ನು ಹೆಸರಿಟ್ಟು ಗುರುತಿಸುತ್ತದೆ. ಮ್ಯಾಜಿಸ್ಟ್ರೇಟರ ಬಳಿ ರಕ್ಷಣೆ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚು, ಪರಿಹಾರ ನಾಲ್ಕನ್ನೂ ಕೇಳಬಹುದು. ಇಡೀ ವ್ಯವಸ್ಥೆಯಲ್ಲಿ ಹೆಣ್ಣಿನ ದಿನನಿತ್ಯದ ಬದುಕಿಗೆ ಅತಿ ಹತ್ತಿರವಾಗಿ ಬರೆದ ಕಾಯ್ದೆ ಇದೇ ಎಂದು ನನ್ನ ಎಣಿಕೆ.

ಬೈನಾ ಎಂದಾಗ ಆ ಕಡಲ ತಡಿಯ ಇನ್ನೊಂದು ಬದುಕನ್ನೂ ಹೇಳಬೇಕು. ಅಲ್ಲಿದ್ದ ಲೈಂಗಿಕ ಕಾರ್ಯಕರ್ತೆಯರಲ್ಲಿ ಅನೇಕರು ಕರ್ನಾಟಕದಿಂದ, ಆಂಧ್ರದಿಂದ ಬಂದವರಾಗಿದ್ದರು. ಅವರ ಮೇಲೆ ಅತ್ಯಾಚಾರ ಆಗಲು ಸಾಧ್ಯ ಎಂಬುದನ್ನೇ ಯಾರೂ ಒಪ್ಪುತ್ತಿರಲಿಲ್ಲ. ಲೈಂಗಿಕ ಕಾರ್ಯಕರ್ತೆ ದೌರ್ಜನ್ಯಕ್ಕೆ ಒಳಗಾದರೆ ಬೇರೆ ಯಾವ ಸಂತ್ರಸ್ತೆಗೂ ಸಿಗುವ ಎಲ್ಲ ಸೌಲಭ್ಯ ಆಕೆಗೂ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿತು. ಆದರೆ ಬುಲ್ಡೋಜರ್ ಬಂದು ಬೈನಾದಲ್ಲಿ ಆ ಹೆಂಗಸರಿದ್ದ ಖೋಲಿಗಳನ್ನು ಕೆಡವಿದ್ದು ಅದಕ್ಕೂ ಎಷ್ಟೋ ಮೊದಲು, 2004ರ ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿಗೆ.