ಮಹಾಪಧಮನಿ ಚಿಕಿತ್ಸೆಯ ಚರಿತ್ರೆ: ಡಂಬಳದಿಂದ ನೋಡಿದಾಗ

ಡಂಬಳಕ್ಕೆ ಬರುವ ಪ್ರವಾಸಿಯು ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ವಿನ್ಯಾಸವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾನೆ. ಇದೇ ಊರಿನಲ್ಲಿ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವೊಂದಿತ್ತೆಂಬುದು ಕ್ರಿ.ಶ. 1095ರ ಶಾಸನವನ್ನು ಓದದವನಿಗೆ ತಿಳಿಯುವಂತಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ನೆಚ್ಚಿ ಚರಿತ್ರೆ ಬರೆಯುವವರ ಈ ದೋಷವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಉಂಟು. ಹೃದಯದಿಂದ ಹೊರಡುವ ಮಹಾಪಧಮನಿಯು ಉಬ್ಬಿ ಒಡೆದಾಗ ಮಾಡುವ ಚಿಕಿತ್ಸೆಯ ಕಥನವೇ ಇದಕ್ಕೆ ನಿದರ್ಶನ.

ರೂಢಿಯ ಕಥನವು ಸರಳವಾದುದು. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಕೆಟ್ಟ ಭಾಗವನ್ನು ಕತ್ತರಿಸಿ ಮೃತನೊಬ್ಬನ ಧಮನಿಯನ್ನು ಹೊಲಿದನು. ಅಮೆರಿಕೆಯ ಡಿಬೇಕಿ ಡೇಕ್ರಾನ್ ಬಟ್ಟೆಯ ನಳಿಕೆಯನ್ನು ಬಳಕೆಗೆ ತಂದನು. 1990ರಲ್ಲಿ ಬ್ಯೂನೊಸ್ ಐರಿಸ್‌ನ ಪರೋದಿ ಹೊಟ್ಟೆಯನ್ನು ಸೀಳದೆ ತೊಡೆಸಂದಿಯ ಧಮನಿಯ ಮೂಲಕ ನಳಿಕೆಯನ್ನು ಒಳಕ್ಕೆ ಕಳಿಸಿದನು. ಅಲ್ಲಿಗೆ ಕತ್ತಿಯ ಯುಗ ಮುಗಿಯಿತು. ಆದರೆ ಖಾರ್ಕೀವಿನ ನಿಕೊಲಾಯ್ ವೊಲೊದೋಸ್ 1987ರಲ್ಲಿಯೇ, ಪೆಟ್ಟಿನಿಂದ ಕೆಟ್ಟ ಎದೆಯ ಮಹಾಪಧಮನಿಯನ್ನು ಇದೇ ಮಾರ್ಗದಿಂದ ಸರಿಪಡಿಸಿದ್ದನು. ಅವನ ವರದಿಯು ರಷ್ಯನ್ ಭಾಷೆಯಲ್ಲಿತ್ತು. ಪಶ್ಚಿಮದ ಲೇಖಕರು ಅದನ್ನು ಬಹುಕಾಲ ಗಮನಿಸಲಿಲ್ಲ. ಕನ್ನಡದಲ್ಲಿ ಬರೆಯುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕತ್ತಿಯ ಯುಗ ಮುಗಿಯಿತೆಂಬ ಮಾತಂತೂ ಸತ್ಯಕ್ಕೆ ದೂರವಾದುದು. ಮಹಾಪಧಮನಿಯ ಕಮಾನಿನಿಂದಲೇ ಮಿದುಳಿಗೂ ತೋಳುಗಳಿಗೂ ಕವಲುಗಳು ಒಡೆಯುತ್ತವೆ. ಅಲ್ಲಿ ಸಾಮಾನ್ಯ ನಳಿಕೆಯನ್ನು ಹಾಸಿದರೆ ಬಿರುಕು ಮುಚ್ಚುವುದು ನಿಜ, ಕವಲುಗಳೂ ಮುಚ್ಚಿಹೋಗುತ್ತವೆ. ಆದುದರಿಂದ ಶಸ್ತ್ರವೈದ್ಯನು ಮೊದಲು ಕೊರಳಿನಲ್ಲಿ ಇಲ್ಲವೆ ಎದೆಯಲ್ಲಿ ಕತ್ತಿಯಾಡಿಸಿ ಕವಲುಗಳಿಗೆ ಬದಲಿ ದಾರಿಯನ್ನು ಹೊಲಿಯುತ್ತಾನೆ. ಬಳಿಕ ತೊಡೆಯ ಮಾರ್ಗದಿಂದ ನಳಿಕೆ ಬರುತ್ತದೆ. ಈ ಮಿಶ್ರ ಚಿಕಿತ್ಸೆಯಲ್ಲಿ ಹಳೆಯದು ಹೊಸದಕ್ಕೆ ಸ್ಥಳ ಬಿಟ್ಟುಕೊಡುವುದಿಲ್ಲ, ಸ್ಥಳ ಸಿದ್ಧಪಡಿಸುತ್ತದೆ. ಹೊಟ್ಟೆಯ ಭಾಗದಲ್ಲಿಯೂ ಹೊಸ ವಿಧಾನದ ಜಯ ಒಮ್ಮೆಗೇ ಬಂದುದಲ್ಲ. ಮುಖ್ಯವಾಗಿ ಬ್ರಿಟನ್ನಿನಲ್ಲಿ 613 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ‘ಇಂಪ್ರೂವ್’ ಪರೀಕ್ಷೆಯಲ್ಲಿ, ಮೂವತ್ತು ದಿನಗಳೊಳಗಿನ ಸಾವು ನಳಿಕೆಯ ಪಕ್ಷದಲ್ಲಿ ಶೇಕಡಾ 35.4, ಕತ್ತಿಯ ಪಕ್ಷದಲ್ಲಿ 37.4. ಮೂರು ವರ್ಷಗಳ ಅನಂತರ ನಳಿಕೆಯ ಪಕ್ಷದವರೇ ಹೆಚ್ಚಾಗಿ ಉಳಿದಿದ್ದರೆಂಬುದನ್ನೂ ಮರೆಮಾಚಬೇಕಾಗಿಲ್ಲ.

ಈ ಎಲ್ಲ ಕಥನಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆಯೆಂದರೆ, ಅವು ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಆರಂಭವಾಗುತ್ತವೆ. ಮಹಾಪಧಮನಿ ಒಡೆದವರಲ್ಲಿ ಬಹಳ ಮಂದಿ ಆ ಬಾಗಿಲನ್ನು ಮುಟ್ಟುವುದೇ ಇಲ್ಲ. ಡಂಬಳದಿಂದ ಗದಗಿಗೆ ಇಪ್ಪತ್ತು ಕಿಲೋಮೀಟರಿಗೆ ಮಿಕ್ಕಿದ ದಾರಿ. ಅಲ್ಲಿಂದ ಹುಬ್ಬಳ್ಳಿಗೆ ಇನ್ನೂ ಸುಮಾರು ಅರವತ್ತು. ಮಿಶ್ರ ಚಿಕಿತ್ಸೆಗೆ ಸಿ.ಟಿ. ಚಿತ್ರವೂ ಬೇರೆ ಬೇರೆ ಅಳತೆಯ ನಳಿಕೆಗಳೂ ಎರಡು ವಿದ್ಯೆಗಳ ನಿಪುಣರೂ ಒಂದೇ ಕಡೆ, ಒಂದೇ ಗಳಿಗೆಯಲ್ಲಿ ಕೂಡಿರಬೇಕು. ಇಂಗ್ಲೆಂಡಿನಲ್ಲಿ 65 ವರ್ಷ ತುಂಬುವ ಗಂಡಸರ ಹೊಟ್ಟೆಯನ್ನು ಅಲ್ಟ್ರಾಸೌಂಡಿನಿಂದ ನೋಡಿ, ಉಬ್ಬು ಒಡೆಯುವ ಮೊದಲೇ ಗುರುತಿಸುತ್ತಾರೆ. ನಮ್ಮಲ್ಲಿ ಅಂತಹ ರಾಷ್ಟ್ರೀಯ ಯೋಜನೆಯಿಲ್ಲ. ಎದೆಯೊಳಗಿನ ಉಬ್ಬು ಈ ಪರೀಕ್ಷೆಗೆ ಸಿಗಲಾರದು. ಆದರೆ ಬೀಡಿ ಸೇದುವ ಮುದುಕನ ಹೊಟ್ಟೆಯೊಳಗಿನದು ಸಿಕ್ಕೀತು, ಅದಕ್ಕೆ ಗದಗಿನವರೆಗೆ ಹೋದರೆ ಸಾಕು.