ಆಡಾಸಿಟಿ ಯಾವ ಕಪಾಟಿನದು?

ದಾಂಡೇಲಿಯ ಸುತ್ತಲಿನ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಕೂಗು ಕೇಳಿಯೇ ಇದು ಇಂಥದ್ದು ಎಂದು ಹೇಳುವ ಗೈಡ್‌ಗಳೂ ಇಲ್ಲಿದ್ದಾರೆ. ಆ ವಿದ್ಯೆಯನ್ನು ಈಗಷ್ಟೇ ಕಲಿಯುತ್ತಿರುವ ಹುಡುಗರಿಗೆ ನಾನು ಮೊದಲು ಸೂಚಿಸುವುದು ಆಡಾಸಿಟಿ ಎಂಬ ಮುಕ್ತ ತಂತ್ರಾಂಶವನ್ನು. ಮೊಬೈಲಿನಲ್ಲಿ ಹಿಡಿದ ಕೂಗನ್ನು ಅದರಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಾಯಿಸಿದರೆ ದನಿ ಚಿತ್ರವಾಗುತ್ತದೆ. ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎರಡು ಕೂಗಿನ ನಡುವೆ ಎಷ್ಟು ಬಿಡುವು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆದರೆ ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿ ಆಡಾಸಿಟಿ ಇರುವುದು ‘ಸೌಂಡ್’ ವಿಭಾಗದಲ್ಲಿ, ಹಾಡು ಕೇಳುವ, ಹಾಡು ಕತ್ತರಿಸುವ ಸಲಕರಣೆಗಳ ಜೊತೆ. ಹಕ್ಕಿಯ ಹಿಂದೆ ಬಿದ್ದ ಹುಡುಗ ಆ ಕಡೆ ಹಾಯುವುದೇ ಇಲ್ಲ.

ಹಳಿಯಾಳದ್ದೂ ಇದೇ ಕಥೆ. ಕುಸ್ತಿಗೆ ಹೆಸರಾದ ಊರು. ಕಿನೋವಿಯಾ ಎಂಬ ಮುಕ್ತ ತಂತ್ರಾಂಶವೊಂದಿದೆ, ವಿಂಡೋಸ್‌ನಲ್ಲಿ ಓಡುತ್ತದೆ. ಪಟ್ಟು ಹಾಕುವ ವಿಡಿಯೊವನ್ನು ನಿಧಾನಗೊಳಿಸಬಹುದು, ಮೊಣಕಾಲು ಎಷ್ಟು ಬಾಗಿದೆ ಎಂದು ಕೋನ ಅಳೆಯಬಹುದು, ಎರಡು ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಇದನ್ನು ಸಿನಿಮಾ ಪ್ಲೇಯರ್‌ಗಳ ಸಾಲಿನಲ್ಲಿ ಸೇರಿಸಿಬಿಟ್ಟರೆ ಯಾವ ವಸ್ತಾದರ ಕಣ್ಣಿಗೂ ಬೀಳುವುದಿಲ್ಲ.

ಮುಕ್ತ ತಂತ್ರಾಂಶ ಕೂಡಿಡುವುದು ಸುಲಭ. ದುಡ್ಡು ಬೇಡ, ಹಂಚಲು ಯಾರ ಅಪ್ಪಣೆಯೂ ಬೇಡ. ಕಷ್ಟವಿರುವುದು ವಿಂಗಡಣೆಯಲ್ಲಿ, ಮತ್ತು ಈ ಹವ್ಯಾಸದ ನಿಜವಾದ ರುಚಿ ಇರುವುದೂ ಅಲ್ಲಿಯೇ. ಡೆಬಿಯನ್ ಯೋಜನೆ ಶುರುವಾದದ್ದು 1993ರ ಆಗಸ್ಟ್‌ನಲ್ಲಿ. 1996ರಲ್ಲಿ ಬಂದ 1.1ನೇ ಆವೃತ್ತಿಯಲ್ಲಿ 474 ಪ್ಯಾಕೇಜುಗಳಿದ್ದವು. 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ 69,830. ನಾನೂರೆಪ್ಪತ್ತನಾಲ್ಕನ್ನು ಒಬ್ಬ ಮನುಷ್ಯ ಓದಿ ಮುಗಿಸಿಯಾನು, ಎಪ್ಪತ್ತು ಸಾವಿರವನ್ನಲ್ಲ. ಅಷ್ಟು ಬೆಳೆದರೂ ಪ್ಯಾಕೇಜಿಗೆ ಒಂದೇ ವಿಭಾಗ ಎಂಬ ಹಳೆಯ ಕಟ್ಟಳೆ ಹಾಗೆಯೇ ಉಳಿದಿದೆ. ಲಿಬ್ರೆಆಫೀಸಿನ ಲೆಕ್ಕದ ಹಾಳೆ ‘ಎಡಿಟರ್ಸ್’ ವಿಭಾಗದಲ್ಲಿದೆ. ಅಕ್ಷರಶೈಲಿಗಳು ಬಹುಕಾಲ ‘ಎಕ್ಸ್11’ ಎಂಬ ವಿಭಾಗದಲ್ಲಿದ್ದವು, ‘ಫಾಂಟ್ಸ್’ ಎಂಬ ಸ್ವಂತ ಮನೆ ಸಿಕ್ಕಿದ್ದು ಆಮೇಲೆ. ಈ ವಿಭಾಗಗಳು ಪ್ಯಾಕೇಜ್ ಕಟ್ಟುವವರ ಅನುಕೂಲಕ್ಕೆ ಹುಟ್ಟಿದವು, ಹುಡುಕುವವರಿಗಾಗಿ ಅಲ್ಲ. ಹುಡುಕುವವರು ಅದರ ಫಲ ಉಣ್ಣುತ್ತಿದ್ದಾರೆ.

ಕನ್ನಡದಲ್ಲಿ ಬರೆಯಬೇಕೆಂದಿರುವ ಮೇಷ್ಟ್ರೊಬ್ಬರನ್ನು ನೆನೆಯಿರಿ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಅಕ್ಷರಶೈಲಿಗಳು ಒಂದು ಕಡೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಒದಗಿಸುವ ಐಬಸ್ ಇನ್ನೊಂದು ಕಡೆ. ಮುದ್ರಿತ ಕನ್ನಡ ಪುಟವನ್ನು ಪಠ್ಯವಾಗಿಸುವ ಟೆಸೆರಾಕ್ಟ್ ‘ಗ್ರಾಫಿಕ್ಸ್’ನಲ್ಲಿ, ಕಾಗುಣಿತ ನೋಡುವ ಆಸ್ಪೆಲ್‌ನ ಕನ್ನಡ ನಿಘಂಟು ‘ಟೆಕ್ಸ್ಟ್’ನಲ್ಲಿ, ಬರೆದದ್ದನ್ನು ಓದಿ ಹೇಳುವ ಇಸ್ಪೀಕ್ ‘ಸೌಂಡ್’ನಲ್ಲಿ. ಮೇಷ್ಟ್ರ ಕೆಲಸ ಒಂದೇ, ಅಲೆದಾಟ ಮಾತ್ರ ಐದು ಕಡೆ. ಡೆಬಿಯನ್‌ನವರು ಇದನ್ನು ಕಂಡುಕೊಂಡು ಕನ್ನಡ ಡೆಸ್ಕ್‌ಟಾಪ್ ಎಂಬ ಒಂದು ‘ಟಾಸ್ಕ್’ ಪ್ಯಾಕೇಜ್ ಮಾಡಿದ್ದಾರೆ, ಅದನ್ನು ಹಾಕಿಕೊಂಡರೆ ಕನ್ನಡಕ್ಕೆ ಬೇಕಾದ ಮುಖ್ಯ ಸಾಮಗ್ರಿ ಒಟ್ಟಿಗೆ ಇಳಿಯುತ್ತದೆ. ಶಾಲೆಗಾಗಿ ಡೆಬಿಯನ್ ಎಜು, ವೈದ್ಯಕೀಯಕ್ಕಾಗಿ ಡೆಬಿಯನ್ ಮೆಡ್, ನಕ್ಷೆಗಳಿಗಾಗಿ ಡೆಬಿಯನ್ ಜಿಐಎಸ್ ಎಂಬ ಕೂಟಗಳೂ ಇವೆ. ವಸ್ತುವಿನ ಜಾತಿ ನೋಡದೆ ಬಳಸುವ ಮನುಷ್ಯನನ್ನು ನೋಡಿ ಕಟ್ಟಿದ ಗಂಟುಗಳು ಇವು. ನನಗೆ ಈ ದಾರಿಯೇ ಹೆಚ್ಚು ಹಿಡಿಸುತ್ತದೆ. ಆದರೆ ಎಲ್ಲ ಬಗೆಯ ಮನುಷ್ಯರಿಗೂ ಮುಂಚಿತವಾಗಿಯೇ ಗಂಟು ಕಟ್ಟಿಡಲು ಯಾರಿಂದಲೂ ಆಗದು. ಕುಸ್ತಿಯ ವಸ್ತಾದರಿಗೆಂದು ಕೂಟ ಕಟ್ಟುವವರು ಯಾರು?

ಈ ತೊಡಕನ್ನು ಬಿಡಿಸುವ ಉಪಾಯ ಕಂಪ್ಯೂಟರಿಗಿಂತ ಹಳೆಯದು, ಕೊನೆಗೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದವರದು. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ಬೋಲ್ಟು, ಜೋಡಿಸಿದಂತೆ ಬೇರೆ ಬೇರೆ ಯಂತ್ರ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ಭಾಗಗಳಿಂದ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಹೊರಬಂದ ಕೋಲನ್ ವರ್ಗೀಕರಣ ಅದರ ಫಲ. ಅಲ್ಲಿಯವರೆಗಿನ ಪದ್ಧತಿಗಳು ಜ್ಞಾನವನ್ನು ಮರದಂತೆ ಕಂಡವು: ಬುಡ, ಕೊಂಬೆ, ರೆಂಬೆ. ಪುಸ್ತಕ ಒಂದು ರೆಂಬೆಯ ತುದಿಯಲ್ಲಿ ಕೂರಬೇಕು. ರಂಗನಾಥನ್ ಪ್ರತಿ ಪುಸ್ತಕಕ್ಕೂ ಹಲವು ಪ್ರಶ್ನೆ ಹಾಕಿದರು. ಇದು ಯಾವುದರ ಕುರಿತು, ಯಾವ ದ್ರವ್ಯದ್ದು, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ? ಉತ್ತರಗಳ ನಡುವೆ ಚಿಹ್ನೆಗಳನ್ನಿಟ್ಟು ಜೋಡಿಸಿದರೆ ಪುಸ್ತಕದ ಸಂಖ್ಯೆ ಸಿದ್ಧ. ಒಂದೊಂದು ಪ್ರಶ್ನೆಯೂ ವಸ್ತುವಿನ ಒಂದೊಂದು ಮುಖ. 1957ರಲ್ಲಿ ಅವರು ಬೆಂಗಳೂರಿಗೆ ಬಂದರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿಯೇ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರವನ್ನು ಆರಂಭಿಸಿದರು, 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲಿಯೇ.

ಗ್ರಂಥಾಲಯಗಳು ಕೋಲನ್ ಪದ್ಧತಿಯನ್ನು ಹೆಚ್ಚಾಗಿ ಹಿಡಿಯಲಿಲ್ಲ. ಪುಸ್ತಕ ಎಷ್ಟಾದರೂ ಒಂದು ಕಪಾಟಿನ ಒಂದೇ ಜಾಗದಲ್ಲಿ ನಿಲ್ಲಬೇಕು, ಸಂಖ್ಯೆ ಸಂಕೀರ್ಣವಾದಷ್ಟೂ ನಿಲ್ಲಿಸುವುದು ಕಷ್ಟ. ತಂತ್ರಾಂಶಕ್ಕೆ ಆ ಕಟ್ಟು ಇಲ್ಲ. ಒಂದೇ ಪ್ಯಾಕೇಜ್ ಹತ್ತು ಕಪಾಟಿನಲ್ಲಿ ಕಾಣಿಸಿಕೊಂಡರೂ ಜಾಗ ಹೆಚ್ಚು ಹಿಡಿಯುವುದಿಲ್ಲ. ಇಟಲಿಯ ಡೆಬಿಯನ್ ಕಾರ್ಯಕರ್ತ ಎನ್ರಿಕೊ ಜಿನಿ ಡೆಬ್‌ಟ್ಯಾಗ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದಾಗ ಆಧಾರವಾಗಿ ಇಟ್ಟುಕೊಂಡದ್ದು ರಂಗನಾಥನ್ನರ ಈ ಮುಖಗಳ ವಿಚಾರವನ್ನೇ. ಅಲ್ಲಿ ಪ್ಯಾಕೇಜಿಗೆ ಹಲವು ಚೀಟಿಗಳನ್ನು ಅಂಟಿಸಬಹುದು: ಇದು ಪ್ರೋಗ್ರಾಮೋ ಬರೀ ದತ್ತಾಂಶವೋ, ಕಿಟಕಿಯಲ್ಲಿ ಓಡುವುದೋ ಕಮಾಂಡ್ ಸಾಲಿನಲ್ಲೋ, ದನಿಯ ಮೇಲೆ ಕೆಲಸ ಮಾಡುವುದೋ ಚಿತ್ರದ ಮೇಲೋ, ತಿದ್ದುವುದಕ್ಕೋ ನೋಡುವುದಕ್ಕೋ, ಜೀವವಿಜ್ಞಾನಕ್ಕೋ ಖಗೋಳಕ್ಕೋ. ‘ದನಿ’, ‘ನೋಡುವುದು’, ‘ಜೀವವಿಜ್ಞಾನ’ ಎಂಬ ಮೂರನ್ನು ಆಡಾಸಿಟಿಗೆ ಅಂಟಿಸಿದರೆ ದಾಂಡೇಲಿಯ ಹುಡುಗನ ದಾರಿ ತೆರೆದುಕೊಳ್ಳುತ್ತದೆ. ಚೀಟಿ ಅಂಟಿಸುವವರು ಸ್ವಯಂಸೇವಕರು. ಅವರು ಅಂಟಿಸಿದಷ್ಟು ಸಿಗುತ್ತದೆ, ಹಕ್ಕಿಯ ಕೂಗನ್ನು ಅಂಟಿಸಬೇಕೆಂದು ಅವರಿಗೆ ಹೊಳೆಯಬೇಕಾದರೆ ಹಕ್ಕಿಯ ಊರಿನವರು ಆ ಕೆಲಸಕ್ಕೆ ಕೈಹಾಕಬೇಕು.

ಒಂದೇ ವಸ್ತುವನ್ನು ಎರಡು ಕಡೆ ಇಡುವುದು ಮುಂಡಗೋಡಿನವರಿಗೆ ಹೊಸತಲ್ಲ. 1966ರಲ್ಲಿ ನೆಲೆಗೊಂಡ ಟಿಬೆಟನ್ ಕಾಲೊನಿಯ ಗಾದೆನ್, ಡ್ರೆಪುಂಗ್ ಮಠಗಳವರು ಪೂಜಿಸುವ, ಪಠಿಸುವ ಕಾಂಗ್ಯೂರ್ ಎಂಬ ಗ್ರಂಥಸಂಗ್ರಹದಲ್ಲಿ ಬುದ್ಧವಚನಗಳನ್ನು ವಿನಯ, ಪ್ರಜ್ಞಾಪಾರಮಿತಾ, ಸೂತ್ರ, ತಂತ್ರ ಮುಂತಾಗಿ ವಿಂಗಡಿಸಿದ್ದಾರೆ. ಅದರ ದೆಗೆ ಮುದ್ರಣದಲ್ಲಿ ಧಾರಣಿಗಳ ಸಂಗ್ರಹದ ಎಷ್ಟೋ ಪಠ್ಯಗಳು ತಂತ್ರ ವಿಭಾಗದಲ್ಲೂ ಇವೆ. ಮರದ ಅಚ್ಚಿನಲ್ಲಿ ಮತ್ತೊಮ್ಮೆ ಕೆತ್ತಬೇಕಾದ ಶ್ರಮವಿದ್ದರೂ ಅಚ್ಚು ಮಾಡಿದವರು ಎರಡು ಕಡೆಯೂ ಇಟ್ಟರು. ಟಿಬೆಟನ್ ಲಿಪಿಗೆ ಬೇಕಾದ ತಂತ್ರಾಂಶಗಳೂ ಡೆಬಿಯನ್‌ನಲ್ಲಿವೆ, ಟೆಸೆರಾಕ್ಟ್ ಟಿಬೆಟನ್ ಪುಟವನ್ನೂ ಓದುತ್ತದೆ. ಅದೇ ಲಿಪಿ ಬಳಸುವ ಭೂತಾನದವರು 2006ರಲ್ಲಿ ಡೆಬಿಯನ್ ಆಧರಿಸಿ ಜೊಂಗ್ಖಾ ಲಿನಕ್ಸ್ ಹೊರತಂದರು. ಭಾಷೆಯ ಹೆಸರಿನಲ್ಲಿ ಮಾತ್ರ ಪಟ್ಟಿ ಮಾಡಿದರೆ ಜೊಂಗ್ಖಾದ ಸಾಮಗ್ರಿ ಮುಂಡಗೋಡಿಗೆ ಕಾಣುವುದಿಲ್ಲ. ಲಿಪಿ ಎಂಬ ಇನ್ನೊಂದು ಮುಖ ಇದ್ದರೆ ಕಾಣುತ್ತದೆ. ಮರಾಠಿ, ಕೊಂಕಣಿ ಆಡುವ ಹಳಿಯಾಳ, ಜೋಯಿಡಾಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗಾಗಿ ಸಂಗ್ರಹ ಜೋಡಿಸುವವರು, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕಾಗಲಿ ಶಾಲೆಯ ಲ್ಯಾಬಿಗಾಗಲಿ, ಯಾವ ಜಾಗತಿಕ ಪಟ್ಟಿಯಲ್ಲೂ ಮುಂದೆ ನಿಲ್ಲದ ಕೆಲವು ಪ್ರಶ್ನೆಗಳನ್ನು ಮುಂದೆ ತರಬೇಕು. ಎಲ್ಲಕ್ಕಿಂತ ಮೊದಲು, ನೆಟ್‌ವರ್ಕ್ ಇಲ್ಲದೆ ಇದು ಕೆಲಸ ಮಾಡುತ್ತದೆಯೇ? ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಜೋಯಿಡಾದ ಹಳ್ಳಿಗಳಲ್ಲಿ ಈ ಒಂದು ಪ್ರಶ್ನೆ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ನಕ್ಷೆ ತೋರಿಸುವ ಆಸ್ಮ್‌ಆ್ಯಂಡ್, ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಫೋನಿನಲ್ಲಿಟ್ಟು ಓದಿಸುವ ಕಿವಿಕ್ಸ್, ಆಕಾಶ ತೋರಿಸುವ ಸ್ಟೆಲೇರಿಯಂ ಈ ಮೂರೂ ಮಾಮೂಲಿ ವಿಂಗಡಣೆಯಲ್ಲಿ ಮೂರು ದಿಕ್ಕಿಗೆ ಹೋಗುತ್ತವೆ. ಜೋಯಿಡಾದ ಪಟ್ಟಿಯಲ್ಲಿ ಒಂದೇ ಕಡೆ ನಿಲ್ಲಬೇಕು. ಹಳೆಯ, ಕಡಿಮೆ ಮೆಮೊರಿಯ ಕಂಪ್ಯೂಟರಿನಲ್ಲಿ ಓಡುತ್ತದೆಯೇ ಎಂಬುದು ಮತ್ತೊಂದು. ‘ಕನ್ನಡ ಇದೆ’ ಎಂಬ ಒಂದೇ ಚೀಟಿ ಸಾಲದು: ಮೆನು ಕನ್ನಡದಲ್ಲಿದೆಯೇ, ಕನ್ನಡ ಟೈಪ್ ಮಾಡಬಹುದೇ, ಬರೀ ಸರಿಯಾಗಿ ಕಾಣಿಸುತ್ತದೆಯೇ? ಮೂರೂ ಬೇರೆ, ಚಿಕ್ಕ ಮಕ್ಕಳಿಗೆ ಮೊದಲನೆಯದೇ ಬೇಕು.

ದೋಷಗಳನ್ನೂ ಒಂದು ಮುಖವಾಗಿಸಬಹುದೆಂದು ತೋರಿಸಿದ್ದು ಎಫ್-ಡ್ರಾಯ್ಡ್, ಆಂಡ್ರಾಯ್ಡ್ ಫೋನುಗಳ ಮುಕ್ತ ಆ್ಯಪ್‌ಗಳ ಭಂಡಾರ. ಜಾಹೀರಾತು ತೋರಿಸುತ್ತದೆ, ಬಳಸುವವರ ಜಾಡು ಹಿಡಿಯುತ್ತದೆ, ಮುಕ್ತವಲ್ಲದ ಸೇವೆಯನ್ನು ನೆಚ್ಚಿಕೊಂಡಿದೆ ಎಂಬಂಥ ಎಚ್ಚರಿಕೆಯ ಚೀಟಿಗಳನ್ನು ಅದು ಆ್ಯಪ್‌ನ ಪುಟದಲ್ಲಿಯೇ ಹಚ್ಚುತ್ತದೆ. ಆ್ಯಪನ್ನು ಹೊರಗೆ ಹಾಕದೆ, ಇದ್ದದ್ದನ್ನು ಇದ್ದಂತೆ ಹೇಳಿ ಆಯ್ಕೆಯನ್ನು ನಮಗೆ ಬಿಡುತ್ತದೆ. ಇದಕ್ಕಿಂತ ಮರ್ಯಾದೆಯ ವಿಂಗಡಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಖಗಳು ಹೆಚ್ಚಾದಷ್ಟೂ ಒಳ್ಳೆಯದೆಂದಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆದಿಡುವುದು ವ್ಯರ್ಥ. ಆರೇಳು ಮುಖ ಸಾಕು, ಆದರೆ ಪ್ರತಿಯೊಂದೂ ಹುಡುಕುವವರ ಬಾಯಿಂದ ಬಂದಿರಬೇಕು. ಅರಿವು ಕೇಂದ್ರದಲ್ಲಿ ಒಂದು ನೋಟುಬುಕ್ಕಿಟ್ಟು, ಬಂದವರು ಏನು ಕೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆಯುತ್ತ ಹೋದರೆ ಚೀಟಿಗಳು ತಾವಾಗಿಯೇ ಒದಗುತ್ತವೆ.

ಆ ಮಾತುಗಳನ್ನು ಕಂಪ್ಯೂಟರಿನ ಹುಡುಕಾಟಕ್ಕೆ ಸೇರಿಸುವುದು ಲಿನಕ್ಸ್‌ನಲ್ಲಿ ಸಲೀಸು. ಮೆನುವಿನಲ್ಲಿ ಕಾಣುವ ಪ್ರತಿ ತಂತ್ರಾಂಶಕ್ಕೂ ‘ಡೆಸ್ಕ್‌ಟಾಪ್’ ಎಂಬ ಬಾಲವಿರುವ ಪುಟ್ಟ ಪಠ್ಯ ಕಡತವೊಂದಿರುತ್ತದೆ. ಅದರಲ್ಲಿ ‘ಕೆಟಗರೀಸ್’ ಎಂಬ ಸಾಲು ಒಂದಕ್ಕಿಂತ ಹೆಚ್ಚು ವಿಭಾಗಗಳನ್ನು ಒಪ್ಪುತ್ತದೆ. ‘ಕೀವರ್ಡ್ಸ್’ ಎಂಬ ಸಾಲನ್ನು ಕನ್ನಡದಲ್ಲಿ ಪ್ರತ್ಯೇಕವಾಗಿ ಬರೆಯಬಹುದು. ಕಂಪ್ಯೂಟರ್ ಇಂಗ್ಲಿಷಿನಲ್ಲಿಯೇ ಓಡುತ್ತಿದ್ದರೆ ಕನ್ನಡ ಪದಗಳನ್ನು ಮೂಲ ಸಾಲಿಗೇ ಸೇರಿಸಿ. ಹಕ್ಕಿ, ಕೂಗು, ಮಂಗಟ್ಟೆ ಎಂದು ಅರ್ಧವಿರಾಮಗಳ ನಡುವೆ ಬರೆದು ಉಳಿಸಿದರೆ ಸಾಕು, ಹುಡುಕಾಟದ ಪೆಟ್ಟಿಗೆಯಲ್ಲಿ ‘ಹಕ್ಕಿ’ ಎಂದು ಟೈಪಿಸಿದಾಗ ಆಡಾಸಿಟಿ ಎದುರಿಗೆ ಬರುತ್ತದೆ. ಮೂಲ ಕಡತವನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ‘.ಲೋಕಲ್’, ಅದರೊಳಗಿನ ‘ಶೇರ್’, ಅದರೊಳಗಿನ ‘ಅಪ್ಲಿಕೇಶನ್ಸ್’ ಫೋಲ್ಡರಿಗೆ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದಿ. ಅದೇ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಪಕ್ಕದ ಊರಿನ ಶಾಲೆಗೂ ಕೊಡಬಹುದು.