ಏರಿಗೆ ಮೋಟಾರು, ಬಯಲಿಗೆ ಕಾಲು

ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲಿಗೆ ಮೋಟಾರು ಕೂರಿಸುವುದು ಅದರ ಹಳೆಯ ಭಕ್ತರಿಗೆ ಅಪಚಾರದಂತೆ ಕಾಣುತ್ತದೆ. ಅವರ ಸಿಟ್ಟಿಗೆ ಇತಿಹಾಸದ ಬೆಂಬಲವೂ ಇದೆ. 1933ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ, ಚಾರ್ಲ್ಸ್ ಮೋಶೆ ಕಟ್ಟಿದ ಇಂಥದೇ ಸೈಕಲ್ಲಿನ ಮೇಲೆ ಒರಗಿ ಒಂದೇ ಗಂಟೆಯಲ್ಲಿ 45 ಕಿಲೋಮೀಟರ್ ದಾಟಿ, 1914ರಿಂದ ಅಲುಗದೆ ನಿಂತಿದ್ದ ದಾಖಲೆಯನ್ನು ಮುರಿದ. ಮರುವರ್ಷ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಬಗೆಯ ಸೈಕಲ್ಲನ್ನು ಪಂದ್ಯಗಳಿಂದ ಹೊರಗೇ ಇಟ್ಟಿತು. ಬರೀ ಕಾಲಿನಿಂದ ಗೆದ್ದು, ಗೆದ್ದ ತಪ್ಪಿಗೇ ಹೊರಬಿದ್ದ ಸೈಕಲ್ಲಿಗೆ ಬ್ಯಾಟರಿಯ ಹಂಗು ಯಾಕೆ ಎಂದು ಕೇಳುವವರಿದ್ದಾರೆ. ಮುಂಬಯಿಯ ವಿಕ್ರೋಳಿಯಲ್ಲಿ ಅಂಥದೊಂದನ್ನು ಇಟ್ಟುಕೊಂಡು ಓಡಿಸಿದವನಾಗಿ ನನ್ನ ಅಭಿಪ್ರಾಯ ಬೇರೆ. ಮೋಟಾರು ನ್ಯಾಯವಾಗಿ ಸಲ್ಲುವ ಸೈಕಲ್ ಯಾವುದಾದರೂ ಇದ್ದರೆ ಅದು ರಿಕಂಬೆಂಟೇ. ಅಂಗಡಿಯಲ್ಲಿ ಕೊಟ್ಟ ಮೋಟಾರು ಕಿಟ್ಟನ್ನು ಕೊಟ್ಟ ಹಾಗೇ ಬಿಗಿದರೆ ಮಾತ್ರ ಈ ಮಾತು ನಿಲ್ಲುವುದಿಲ್ಲ.

ಫೋರ್ ಗೆದ್ದದ್ದು ಓಟದ ಪಥದಲ್ಲಿ. ವಿಕ್ರೋಳಿಯ ನೆಲ ಹಾಗಿಲ್ಲ. ಪೂರ್ವಕ್ಕೆ ಖಾಡಿ, ಗೋದ್ರೆಜ್ ವಸಾಹತಿನ ಆಚೆ ಹಬ್ಬಿದ ಕಾಂಡ್ಲಾ ಕಾಡು, ಹೆಚ್ಚುಕಡಿಮೆ ಕಡಲಮಟ್ಟ. ಪಶ್ಚಿಮಕ್ಕೆ ಎಲ್‌ಬಿಎಸ್ ಮಾರ್ಗ ದಾಟಿದರೆ ಪಾರ್ಕ್‌ಸೈಟಿನ ಗುಡ್ಡ, ಗಾಂಧಿನಗರದಿಂದ ಪವಯಿಗೆ ಹತ್ತುವ ರಸ್ತೆ. ತುಂಬಿದಾಗ ಪವಯಿ ಕೆರೆಯ ನೀರು ಕಡಲಮಟ್ಟಕ್ಕಿಂತ ಸುಮಾರು 58 ಮೀಟರ್ ಮೇಲಿರುತ್ತದೆ. ಸಾಮಾನ್ಯ ಸೈಕಲ್ಲಿನವನು ಏರು ಬಂದಾಗ ಸೀಟು ಬಿಟ್ಟೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುತ್ತಾನೆ. ಒರಗಿ ಕೂತವನಿಗೆ ಆ ಸೌಲಭ್ಯವಿಲ್ಲ. ಬೆನ್ನನ್ನು ಸೀಟಿಗೆ ಒತ್ತಿ ತೊಡೆಯಿಂದಲೇ ನೂಕಬೇಕು. ವೇಗ ಇಳಿದಷ್ಟೂ ಹ್ಯಾಂಡಲ್ ಅಡ್ಡಾದಿಡ್ಡಿ ತೂಗುತ್ತದೆ.

ಇಲ್ಲೊಂದು ಲೆಕ್ಕ ಹಾಕಬೇಕು. ಸವಾರ, ಸೈಕಲ್, ಚೀಲ ಎಲ್ಲ ಸೇರಿ ನೂರು ಕಿಲೋ ಎಂದುಕೊಳ್ಳಿ. ಅದನ್ನು 50 ಮೀಟರ್ ಮೇಲೆತ್ತಲು ತಾತ್ವಿಕವಾಗಿ ಬೇಕಾದ ಶಕ್ತಿ ಸುಮಾರು 14 ವಾಟ್-ಅವರ್. ಸೋರಿಕೆಯೆಲ್ಲ ಸೇರಿ ಇಮ್ಮಡಿಯಾದರೂ, 36 ವೋಲ್ಟಿನ 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವ 360ರ ಮುಂದೆ ಅದು ಜುಜುಬಿ. ಅಂದರೆ ಪವಯಿಯ ಏರು ಬಯಸುವುದು ದೊಡ್ಡ ಬ್ಯಾಟರಿಯನ್ನಲ್ಲ, ಕೆಲವೇ ನಿಮಿಷ ಹೆಗಲು ಕೊಡುವ ಚಿಕ್ಕ ಮೋಟಾರನ್ನು. ಅದೇ ಬಯಲಿನಲ್ಲಿ ಲೆಕ್ಕ ತಿರುವುಮುರುವು. ಗಾಳಿಗೆ ಮೈಯೊಡ್ಡುವುದು ಕಡಿಮೆಯಾದ್ದರಿಂದ, ಬೆಳಗಿನ ಜಾವದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ರಿಕಂಬೆಂಟ್ ಕಾಲಿನ ಬಲದಲ್ಲೇ ಗಂಟೆಗೆ 25 ಕಿಲೋಮೀಟರ್ ದಾಟುತ್ತದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮ ಪೆಡಲ್ ನೆರವಿನ ಸೈಕಲ್ಲಿನ ಮೋಟಾರು ಕಡಿದುಕೊಳ್ಳಬೇಕು ಎನ್ನುವುದೂ ಅದೇ 25ಕ್ಕೆ. ನೆಟ್ಟಗೆ ಕೂತು ತುಳಿಯುವವರಿಗೆ ಈ ಮಿತಿ ಕಿರಿಕಿರಿ. ರಿಕಂಬೆಂಟಿನವನಿಗೆ ಅದು ಗಮನಕ್ಕೂ ಬರುವುದಿಲ್ಲ. ಅವನಿಗೆ ನೆರವು ಬೇಕಾಗುವುದೇ ಗಂಟೆಗೆ ಎಂಟು, ಹತ್ತು ಕಿಲೋಮೀಟರಿನ ವೇಗದಲ್ಲಿ.

ಹಾಗಾದರೆ ಯಾವ ಕಿಟ್? ಮಾರುಕಟ್ಟೆಯಲ್ಲಿ ಹೆಚ್ಚು ಮಾತು ಕೇಳುವುದು ಪೆಡಲಿನ ಅಚ್ಚಿಗೇ ಕೂರುವ ಮಿಡ್-ಡ್ರೈವ್ ಬಗ್ಗೆ. ಬಫಾಂಗ್, ಟೊಂಗ್‌ಶೆಂಗ್ ಹೆಸರುಗಳು ಸೈಕಲ್ ಹುಚ್ಚರಿಗೆ ಪರಿಚಿತ. ಮೋಟಾರಿನ ಬಲ ಗೇರುಗಳ ಮೂಲಕವೇ ಹಾಯುವುದರಿಂದ ಕಡಿದಾದ ಏರಿಗೆ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ರಿಕಂಬೆಂಟಿನಲ್ಲಿ ಪೆಡಲ್ ಇರುವುದು ಮುಂದಕ್ಕೆ ಚಾಚಿದ ಒಂಟಿ ಕೊಳವೆಯ ತುದಿಯಲ್ಲಿ. ಮೂರೂವರೆ, ನಾಲ್ಕು ಕಿಲೋದ ಮೋಟಾರನ್ನು ಅಲ್ಲಿ ತೂಗುಹಾಕಿದರೆ ಹಳ್ಳ ಸಿಕ್ಕಾಗಲೆಲ್ಲ ಆ ಕೊಳವೆ ತೊನೆಯುತ್ತದೆ. ಸಾಮಾನ್ಯ ಸೈಕಲ್ಲಿನ ಎರಡು ಮೂರು ಪಟ್ಟು ಉದ್ದದ ಚೈನು, ಅದನ್ನು ಸೀಟಿನಡಿ ತಿರುಗಿಸಿ ಒಯ್ಯುವ ಐಡ್ಲರ್ ಗಾಲಿ, ಎರಡೂ ಮೋಟಾರಿನ ಎಳೆತವನ್ನು ಹೊರಬೇಕು. ಸವೆತ ಮೊದಲು ಕಾಣುವುದು ಆ ಗಾಲಿಯಲ್ಲೇ. ಹಿಂಚಕ್ರದ ನಡುವೆಯೇ ಕೂರುವ ಹಬ್ ಮೋಟಾರು ಈ ತೊಂದರೆ ಕೊಡುವುದಿಲ್ಲ. ಆದರೆ ಅಗ್ಗದ ಕಿಟ್ಟುಗಳಲ್ಲಿ ಹಿಂದೆ ಏಳೇ ಗೇರಿಗೆ ಜಾಗ. ಏರಿಗೆ ಬೇಕಾದ ಸಣ್ಣ ಗೇರನ್ನೇ ಬಿಟ್ಟುಕೊಟ್ಟು ಮೋಟಾರು ತಂದ ಹಾಗಾಯಿತು.

ನನ್ನ ಮತ ಮುಂಚಕ್ರಕ್ಕೆ. ಬಹಳಷ್ಟು ರಿಕಂಬೆಂಟುಗಳ ಮುಂಚಕ್ರ 20 ಇಂಚಿನದು. ದೊಡ್ಡ ಚಕ್ರಕ್ಕೆಂದು ಮಾಡಿದ ಮೋಟಾರನ್ನು ಚಿಕ್ಕ ಚಕ್ರದಲ್ಲಿ ಹೆಣೆದರೆ ಗರಿಷ್ಠ ವೇಗ ತಗ್ಗುತ್ತದೆ, ರಸ್ತೆಯನ್ನು ನೂಕುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ನಮಗೆ ಬೇಕಾದದ್ದೂ ಅದೇ ತಾನೆ. ಸವಾರನ ಭಾರದಲ್ಲಿ ಒಳ್ಳೆಯ ಪಾಲು ಮುಂಚಕ್ರದ ಮೇಲೇ ಇರುವುದರಿಂದ ಚಕ್ರ ಸುಮ್ಮನೆ ಸುತ್ತಿ ಜಾರುವುದು ಕಡಿಮೆ; ಮೆಟ್ರೋ ಕಾಮಗಾರಿಯ ಹೊಂಡಗಳಿಗೆ ಮುಚ್ಚಿದ ಕಬ್ಬಿಣದ ತಗಡು ಮಳೆಯಲ್ಲಿ ನೆನೆದಿದ್ದರೆ ಈ ಭರವಸೆಯನ್ನು ಮರೆಯಿರಿ. ಒಳಗೆ ಗೇರ್ ಇರುವ ಹಬ್ಬನ್ನೇ ಕೇಳಿ ಪಡೆಯಬೇಕು. ಗೇರಿಲ್ಲದ ದಪ್ಪ ಹಬ್ ವಿದ್ಯುತ್ ಇಲ್ಲದಾಗ ಕಾಲನ್ನು ಹಿಂದಕ್ಕೆಳೆಯುತ್ತದೆ, ಬಯಲಿನ ಓಟದ ಸುಖವೇ ಹೋಗುತ್ತದೆ. ಇನ್ನೊಂದು, ಅಚ್ಚು ಫೋರ್ಕಿನಿಂದ ತಿರುಚಿಕೊಂಡು ಹೊರಬೀಳದಂತೆ ಹಿಡಿಯುವ ಉಕ್ಕಿನ ಟಾರ್ಕ್ ಆರ್ಮ್. ಕಿಟ್ಟಿನ ಡಬ್ಬಿಯಲ್ಲಿ ಅದು ಇಲ್ಲದಿದ್ದರೆ ಬೇರೆ ಕೊಂಡು ಹಾಕಲೇಬೇಕು. ಇದರಲ್ಲಿ ಚೌಕಾಸಿ ಸಲ್ಲದು.

ಕಿಟ್ಟಿನ ನಿಜವಾದ ಪರೀಕ್ಷೆ ಸೆನ್ಸರಿನಲ್ಲಿ. ಅಗ್ಗದ ಕಿಟ್ಟುಗಳು ಪೆಡಲಿನ ಬಳಿ ಅಯಸ್ಕಾಂತದ ಬಿಲ್ಲೆಯೊಂದನ್ನು ಕೂರಿಸಿ, ಪೆಡಲ್ ಸುತ್ತುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತವೆ. ಎಷ್ಟು ಬಲವಾಗಿ ತುಳಿದಿರಿ ಎಂಬುದು ಅವಕ್ಕೆ ಬೇಕಿಲ್ಲ. ಗಾಂಧಿನಗರದ ಸಿಗ್ನಲ್ಲಿನಲ್ಲಿ ನಿಂತಿದ್ದೀರಿ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಎದೆಮಟ್ಟದ ಪೆಡಲಿನ ಮೇಲೆ, ಹಿಂದೆ ಬೆಸ್ಟ್ ಬಸ್ಸು, ಮುಂದೆ ಏರು. ಹಸಿರು ಬಂತು, ತುಳಿದಿರಿ, ಮೋಟಾರು ಮಲಗಿದೆ. ಎರಡನೇ ಕಾಲನ್ನು ಎತ್ತಿ ಪೆಡಲ್ ಹುಡುಕುವ ಹೊತ್ತಿಗೆ ಸರಿಯಾಗಿ ಅದು ಎಚ್ಚೆತ್ತು ಇದ್ದ ಬಲವನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. ನೆಟ್ಟಗಿನ ಸೈಕಲ್ಲಿನಲ್ಲಿ ನಗು ಬರಿಸುವ ಈ ಎಳೆತ ಇಲ್ಲಿ ಹ್ಯಾಂಡಲನ್ನೇ ತಿರುವಿಬಿಡುತ್ತದೆ. ಕಾಲಿನ ಒತ್ತಡವನ್ನೇ ಅಳೆದು ಅದಕ್ಕೆ ತಕ್ಕಷ್ಟು ನೆರವು ಕೊಡುವ ಟಾರ್ಕ್ ಸೆನ್ಸರ್ ಇದ್ದರೆ ಆ ಮೊದಲ ತುಳಿತದಲ್ಲೇ ಮೋಟಾರು ಮೆಲ್ಲಗೆ ಕೈಜೋಡಿಸುತ್ತದೆ. ಬೆಲೆ ಹೆಚ್ಚು, ಹಬ್ ಕಿಟ್ಟಿಗೆ ಹೊಂದಿಸುವುದೂ ತಲೆನೋವು. ಆದರೂ ಬ್ಯಾಟರಿ ಚಿಕ್ಕದಾಗಲಿ, ಪರದೆ ಇಲ್ಲದೇ ಇರಲಿ, ದುಡ್ಡು ಹಾಕಬೇಕಾದ್ದು ಇಲ್ಲಿ.

ಎಲ್ಲ ಕಿಟ್ಟುಗಳ ವೈರುಗಳೂ ನೆಟ್ಟಗಿನ ಸೈಕಲ್ಲಿನ ಅಳತೆಯವು. ಪೆಡಲ್ ಒಂದು ತುದಿಯಲ್ಲಿ, ಬ್ಯಾಟರಿ ಸೀಟಿನ ಬೆನ್ನಿಗೆ, ನಡುವೆ ಒಂದು ಮೀಟರಿಗೂ ಹೆಚ್ಚಿನ ಅಂತರ. ಸೀಟಿನಡಿ ಹ್ಯಾಂಡಲ್ ಇರುವ ಮಾದರಿಯಾದರೆ ಬ್ರೇಕಿನ ವೈರು ಕೂಡ ಮುಟ್ಟುವುದಿಲ್ಲ. ಜೋಡಿಸಿ ಉದ್ದ ಮಾಡಿದ ಪ್ರತಿ ಗಂಟೂ ಮಳೆಗಾಲದಲ್ಲಿ ಕೈಕೊಡಲು ಕಾಯುತ್ತಿರುತ್ತದೆ. ರಿಕಂಬೆಂಟ್ ನೆಲಕ್ಕೆ ಹತ್ತಿರ. ಜುಲೈನಲ್ಲಿ ಎಲ್‌ಬಿಎಸ್ ಮಾರ್ಗದ ಕೆಸರುನೀರು ಮೊದಲು ತಲುಪುವುದು ಮೋಟಾರನ್ನು ಹತೋಟಿಯಲ್ಲಿಡುವ ಕಂಟ್ರೋಲರಿಗೆ. ಅದು ಸೀಟಿಗಿಂತ ಎತ್ತರದಲ್ಲಿ, ಬಾಯಿ ಕೆಳಗಾಗಿ ಕೂತಿರಬೇಕು.

ಕಾನೂನಿನ ಮಾತು ಚಿಕ್ಕದು. 250 ವಾಟಿನೊಳಗಿದ್ದು, 25ಕ್ಕೆ ಅಥವಾ ತುಳಿತ ನಿಂತೊಡನೆ ಕಡಿದುಕೊಳ್ಳುವಂತಿದ್ದರೆ ಅದು ಮೋಟಾರು ವಾಹನವಲ್ಲ, ಅದೂ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿದರೆ. ಮನೆಯ ಜಗಲಿಯಲ್ಲಿ ಕಿಟ್ ಬಿಗಿದ ಒಂಟಿ ಸೈಕಲ್ಲನ್ನು ಯಾರು ಪರೀಕ್ಷೆಗೆ ಒಯ್ಯುತ್ತಾರೆ? 500, 750 ವಾಟಿನ ಕಿಟ್ ಮಾರುವವರು ಈ ಪ್ರಶ್ನೆ ಎತ್ತುವುದೇ ಇಲ್ಲ. ಪವಯಿಯ ಏರಿಗೆ ಅಷ್ಟು ಬೇಕೂ ಇಲ್ಲ.

ರಸ್ತೆಯ ಮಾತು ಬಂದರೆ ಕಿಟ್ಟಿಗೆ ಎಷ್ಟೇ ಅಂಕ ಕೊಟ್ಟರೂ ಊರು ಕಳೆಯುತ್ತದೆ. ಎಲ್‌ಬಿಎಸ್ ಮಾರ್ಗದ ಮೇಲೆ ಮೆಟ್ರೋ 4, ಜೋಗೇಶ್ವರಿ-ವಿಕ್ರೋಳಿ ಲಿಂಕ್ ರಸ್ತೆಯ ಮೇಲೆ ಮೆಟ್ರೋ 6. ಎರಡರ ಕಾಮಗಾರಿಯೂ ವರ್ಷಗಟ್ಟಲೆ ರಸ್ತೆಯನ್ನು ತಿಂದಿದೆ. ಒರಗಿದವನ ಮುಖ ಟೆಂಪೋದ ಹೊಗೆಕೊಳವೆಗೆ ಹತ್ತಿರ, ಲಾರಿ ಚಾಲಕನ ಕಣ್ಣಿಗೆ ದೂರ. ಬಿದಿರಿನ ಕೋಲಿಗೆ ಕಟ್ಟಿದ ಬಾವುಟವಿಲ್ಲದೆ ಹೊರಡಬಾರದು. ಬಾಂದ್ರಾ-ಕುರ್ಲಾ ಸಂಕೀರ್ಣದ ಸೈಕಲ್ ಪಥ ಕಾರು ನಿಲ್ಲಿಸುವ ಜಾಗವಾಯಿತು. ಪವಯಿ ಕೆರೆಯ ಸುತ್ತ ಪಾಲಿಕೆ ಕಟ್ಟಹೊರಟ ಪಥವನ್ನು 2022ರ ಮೇ ತಿಂಗಳಲ್ಲಿ ಹೈಕೋರ್ಟು ಕಾನೂನುಬಾಹಿರವೆಂದು ಸಾರಿ ಕಿತ್ತುಹಾಕಲು ಆದೇಶಿಸಿತು. ಸೈಕಲ್ಲಿನವನಾದರೂ ಆ ತೀರ್ಪು ನನಗೆ ಸರಿ ಕಾಣುತ್ತದೆ. ಕೆರೆಯಂಚನ್ನು ಹೂಳಿ ಕಟ್ಟಿದ ಪಥದಲ್ಲಿ ವಾರದ ಕೊನೆಗೆ ಸುತ್ತು ಹೊಡೆಯಬಹುದಿತ್ತೇ ವಿನಾ ಗಾಂಧಿನಗರದ ಏರು ತಪ್ಪುತ್ತಿರಲಿಲ್ಲ. 2025ರ ಜೂನ್‌ನಲ್ಲಿ ತೆರೆದ ವಿಕ್ರೋಳಿಯ ರೈಲ್ವೆ ಮೇಲ್ಸೇತುವೆಯಿಂದ ಪೂರ್ವ-ಪಶ್ಚಿಮ ಓಡಾಟ ಹಗುರಾಗಿದೆ. ನಿಂತಲ್ಲಿಂದ ಏರು ಹತ್ತುವ ಪರೀಕ್ಷೆಗೆ ಪವಯಿವರೆಗೂ ಹೋಗಬೇಕಿಲ್ಲ, ಈ ಸೇತುವೆಯೇ ಸಾಕು.

ಮನೆಯೊಳಗಿನ ಬಾಳು ಇನ್ನೊಂದು ಬಗೆ. ಬ್ಯಾಟರಿಯನ್ನು ಒಂದು ಸಲ ಪೂರ್ತಿ ತುಂಬಲು ಅರ್ಧ ಯೂನಿಟ್ಟೂ ಬೇಡ. ಖರ್ಚು ನಾಲ್ಕೈದು ರೂಪಾಯಿ, ಕಟಿಂಗ್ ಚಹಾಕ್ಕಿಂತ ಕಡಿಮೆ. ಆದರೆ ಆರು ಅಡಿಯ ಸೈಕಲ್ ಸೊಸೈಟಿಯ ಲಿಫ್ಟಿಗೆ ಹಿಡಿಯುವುದಿಲ್ಲ, ಲಿಥಿಯಂ ಬ್ಯಾಟರಿಯನ್ನು ಮೆಟ್ಟಿಲಡಿ ಚಾರ್ಜಿಗೆ ಹಾಕಿದರೆ ಕಮಿಟಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಬೀಗ ತೆಗೆದು ಕೈಯಲ್ಲಿ ಹಿಡಿದು ಮನೆಗೆ ಒಯ್ಯುವಂಥ ಬ್ಯಾಟರಿಯೇ ಬೇಕು. ಮುಂಚಕ್ರ ಪಂಕ್ಚರ್ ಆದರೆ ಮೂಲೆಯ ಅಂಗಡಿಯವನು ವೈರು ನೋಡಿ, ‘ಭಾಯಿಸಾಬ್, ಇದನ್ನು ನೀವೇ ಬಿಚ್ಚಿಕೊಡಿ, ಟ್ಯೂಬು ನಾನು ಹಾಕಿಕೊಡ್ತೀನಿ’ ಎನ್ನುತ್ತಾನೆ. ಹದಿನೆಂಟರ ಸ್ಪ್ಯಾನರ್ ಚೀಲದಲ್ಲಿರಲಿ. ಇನ್ನು ದಿನವೂ ಐರೋಲಿ ಸೇತುವೆ ದಾಟಿ ನವಿಮುಂಬಯಿಗೆ ಹೋಗುವವರು ಕಿಟ್ಟಿನ ಆರು ಕಿಲೋ ಹೊರೆಯನ್ನು ಹೊರುವುದೇ ಬೇಡ. ಆ ದಾರಿಯ ಬಹುಪಾಲು ಬಯಲು. ಅಲ್ಲಿ ಫೋರ್ ಮಾಡಿದ್ದನ್ನೇ ಮಾಡಿದರೆ ಸಾಕು.